ಕೆಲಸ ಹೋದಾಗ ಬರುವ ಕಾರ್ಡು, ಆಮೇಲೆ ಬರುವ ನೋಟಿಸು: ಅಮೆರಿಕದ ನಿರುದ್ಯೋಗ ವಿಮೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೊಸೆ ಕಡೆಯ ಕನ್ನಡದ ಮನೆಗಳಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ನಿರುದ್ಯೋಗ ವಿಮೆಯ ಮಾತು ಬರುತ್ತಿದ್ದುದೇ ಅಪರೂಪ. 2022ರ ನವೆಂಬರಿನಲ್ಲಿ ಮೆಟಾ 11,000ಕ್ಕೂ ಹೆಚ್ಚು ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದ ಮೇಲೆ ಆ ಸ್ಥಿತಿ ಉಳಿಯಲಿಲ್ಲ. ತಿಂಗಳ ಸಂಬಳ ಬಿಟ್ಟರೆ ಸರ್ಕಾರದಿಂದ ಒಂದು ಡಾಲರನ್ನೂ ಪಡೆದು ಗೊತ್ತಿಲ್ಲದವರು ಈ ವಿಮೆಗೆ ಅರ್ಜಿ ಹಾಕಿದರು. ಅವರ ಟಪಾಲು ಪೆಟ್ಟಿಗೆಗೆ ಮೊದಲು ಭತ್ಯೆಯ ಹಣ ಜಮೆಯಾಗುವ ಒಂದು ಡೆಬಿಟ್ ಕಾರ್ಡು ಬಂತು. ಕೆಲವರಿಗೆ ತಿಂಗಳುಗಳು ಕಳೆದ ಮೇಲೆ ‘ನಿಮಗೆ ಹೆಚ್ಚು ಹಣ ಪಾವತಿಯಾಗಿದೆ, ಹಿಂತಿರುಗಿಸಿ’ ಎಂಬ ನೋಟಿಸೂ ಬಂತು.

ಈ ಕಾರ್ಡಿನ ಮತ್ತು ಈ ನೋಟಿಸಿನ ಹಿಂದೆ ಇರುವವರು ಬೇರೆ ಬೇರೆ. ಎರಡಕ್ಕೂ ಅನ್ವಯಿಸುವ ಕಾನೂನು ಬೇರೆ, ತಕರಾರು ಸಲ್ಲಿಸಲು ಇರುವ ಗಡುವೂ ಬೇರೆ. ಇದು ತಿಳಿಯದೆ ಬ್ಯಾಂಕಿಗೆ ಹೇಳಬೇಕಾದುದನ್ನು ಇಲಾಖೆಗೂ ಇಲಾಖೆಗೆ ಬರೆಯಬೇಕಾದುದನ್ನು ಬ್ಯಾಂಕಿಗೂ ಹೇಳುತ್ತಾ ದಿನ ಕಳೆದುಕೊಂಡವರು ಕಡಿಮೆಯಿಲ್ಲ. ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮಗಳಿರುವುದರಿಂದ, ಇಲ್ಲಿ ಕ್ಯಾಲಿಫೋರ್ನಿಯಾವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಬೇರೆ ರಾಜ್ಯಗಳನ್ನು ಅಗತ್ಯವಿದ್ದಲ್ಲಿ ಮಾತ್ರ ಪ್ರಸ್ತಾಪಿಸಲಾಗಿದೆ.

ಇದು ಪಿಎಫ್ ಅಲ್ಲ, ವಿಮೆ

ಭಾರತದಿಂದ ಹೋದವರು ಇದನ್ನು ಭವಿಷ್ಯ ನಿಧಿಗೆ ಹೋಲಿಸಿಕೊಳ್ಳುವುದು ಸಹಜ. ಆದರೆ ಪಿಎಫ್‌ನಲ್ಲಿರುವುದು ನಮ್ಮ ಹೆಸರಿನಲ್ಲಿ ಕೂಡಿಟ್ಟ ನಮ್ಮದೇ ಹಣ. ಅದನ್ನು ತೆಗೆಯುವುದಕ್ಕೆ ಪ್ರತಿ ವಾರ ನಮ್ಮ ಅರ್ಹತೆಯನ್ನು ಸಾಬೀತು ಮಾಡಬೇಕಾಗಿಲ್ಲ. ನಿರುದ್ಯೋಗ ವಿಮೆಯಲ್ಲಿ ಯಾರ ಹೆಸರಿನಲ್ಲೂ ಖಾತೆಯಿಲ್ಲ. ಉದ್ಯೋಗದಾತರು ಕಟ್ಟುವ ತೆರಿಗೆ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ ಮತ್ತು ಷರತ್ತುಗಳನ್ನು ಪೂರೈಸಿದ ವಾರಗಳಿಗೆ ಮಾತ್ರ ಅದರಿಂದ ಹಣ ಸಿಗುತ್ತದೆ. ಹೋಲಿಸಲೇಬೇಕೆಂದರೆ ನಮ್ಮ ಇಎಸ್‌ಐ ಅಡಿಯಲ್ಲಿ 2018ರಲ್ಲಿ ಆರಂಭವಾದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಇದಕ್ಕೆ ಹೆಚ್ಚು ಹತ್ತಿರ, ಆದರೆ ಅದರ ವ್ಯಾಪ್ತಿ ಬಹಳ ಚಿಕ್ಕದು.

ಅಮೆರಿಕದಲ್ಲಿ ಈ ವ್ಯವಸ್ಥೆಗೆ ದೇಶವ್ಯಾಪಿ ರೂಪ ಬಂದದ್ದು 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ. ಚೌಕಟ್ಟು ಕೇಂದ್ರ ಸರ್ಕಾರದ್ದು, ನಡೆಸುವ ಹೊಣೆ ರಾಜ್ಯಗಳದ್ದು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಡೆಸುವುದು ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್; ಜನರ ಬಾಯಲ್ಲಿ ಬರೀ ‘ಇಡಿಡಿ’. ಅಲ್ಲಿ ವಾರದ ಭತ್ಯೆ ಕನಿಷ್ಠ 40 ಡಾಲರ್, ಗರಿಷ್ಠ 450 ಡಾಲರ್, ಮತ್ತು ಸಾಮಾನ್ಯ ಕಾಲದಲ್ಲಿ ಹೆಚ್ಚೆಂದರೆ 26 ವಾರ. ವರ್ಷಕ್ಕೆ ಎರಡು ಲಕ್ಷ ಡಾಲರ್ ದುಡಿಯುತ್ತಿದ್ದ ಇಂಜಿನಿಯರಿಗೂ ಸಿಗುವುದು ವಾರಕ್ಕೆ ಅದೇ 450. ಮೊದಲ ಅರ್ಹ ವಾರವನ್ನು ಕಾಯುವ ವಾರವೆಂದು ಪರಿಗಣಿಸುವುದರಿಂದ ಅದಕ್ಕೆ ಹಣವಿಲ್ಲ.

ಹಣ ಸಿಗಬೇಕಾದರೆ ಕೆಲಸ ಹೋದದ್ದರಲ್ಲಿ ತಪ್ಪು ತನ್ನದಾಗಿರಬಾರದು. ಪ್ರತಿ ವಾರವೂ ಕೆಲಸ ಮಾಡಲು ಶಕ್ತರಾಗಿರಬೇಕು, ಕೆಲಸ ಸಿಕ್ಕರೆ ಕೂಡಲೇ ಸೇರಲು ಲಭ್ಯರಿರಬೇಕು, ಹುಡುಕುತ್ತಲೂ ಇರಬೇಕು. ಈ ‘ಲಭ್ಯತೆ’ ಎಂಬ ಮಾತೇ ಎಚ್-1ಬಿ ವೀಸಾದವರಿಗೆ ತೊಡಕು. ಅವರ ಕೆಲಸದ ಅನುಮತಿ ಒಬ್ಬ ಉದ್ಯೋಗದಾತನಿಗೆ ಕಟ್ಟಿಹಾಕಿದ್ದಾಗಿರುವುದರಿಂದ, ಆ ಕೆಲಸ ಹೋದ ಮೇಲೆ ದೇಶದಲ್ಲಿ ಉಳಿಯಲು ಗರಿಷ್ಠ 60 ದಿನಗಳ ಅವಕಾಶವಿದ್ದರೂ, ಯಾವ ಕೆಲಸಕ್ಕಾದರೂ ಸೇರಲು ಲಭ್ಯ ಎಂದು ತೋರಿಸುವುದು ಕಷ್ಟವಾಗುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ, ಪೌರರಿಗೆ, ಮುಕ್ತ ಕೆಲಸದ ಪರವಾನಗಿ ಇರುವವರಿಗೆ ಈ ತೊಡಕಿಲ್ಲ.

ಕಾರ್ಡು ಯಾರದು?

ಅರ್ಜಿ ಮಂಜೂರಾದ ಮೇಲೆ ಹಣ ಬರುವುದು ಸಾಮಾನ್ಯವಾಗಿ ಒಂದು ಪ್ರೀಪೇಯ್ಡ್ ಡೆಬಿಟ್ ಕಾರ್ಡಿಗೆ. ಹಲವು ವರ್ಷ ಕ್ಯಾಲಿಫೋರ್ನಿಯಾಕ್ಕಾಗಿ ಈ ಕಾರ್ಡು ನೀಡುತ್ತಿದ್ದುದು ಬ್ಯಾಂಕ್ ಆಫ್ ಅಮೆರಿಕ; 2024ರ ಫೆಬ್ರವರಿಯಿಂದ ಆ ಕೆಲಸ ಮನಿ ನೆಟ್‌ವರ್ಕ್ ಎಂಬ ಸಂಸ್ಥೆಗೆ ಬಂದಿದೆ. ಕಾರ್ಡು ಬೇಡವೆನ್ನುವವರು ಹಣವನ್ನು ಸ್ವಂತ ಬ್ಯಾಂಕ್ ಖಾತೆಗೆ ತರಿಸಿಕೊಳ್ಳಬಹುದು. ಇಂಥ ಕಾರ್ಡುಗಳು ಮೇಲ್ನೋಟಕ್ಕೆ ಜಾಹೀರಾತಿನ ಅಂಚೆಯಂತೆ ಕಾಣುವ ಸಾದಾ ಲಕೋಟೆಯಲ್ಲಿ ಬರುವುದರಿಂದ, ತೆರೆದೂ ನೋಡದೆ ಕಸದ ಬುಟ್ಟಿಗೆ ಎಸೆದು ಎರಡನೆಯ ಕಾರ್ಡಿಗಾಗಿ ಕಾಯುವ ಸಂದರ್ಭ ಬರಬಹುದು.

ಇಲ್ಲಿ ಕೆಲಸದ ಹಂಚಿಕೆಯನ್ನು ಸರಿಯಾಗಿ ತಿಳಿಯಬೇಕು. ಯಾವ ವಾರಕ್ಕೆ ಎಷ್ಟು ಹಣ ಎಂದು ತೀರ್ಮಾನಿಸುವುದು ಇಲಾಖೆ. ತೀರ್ಮಾನವಾದ ಹಣವನ್ನು ಕಾರ್ಡಿನಲ್ಲಿಟ್ಟು ಕಾಯುವುದು ಕಾರ್ಡಿನ ಸಂಸ್ಥೆ. ನ್ಯಾಯಬೆಲೆ ಅಂಗಡಿಯವನಿಗೆ ಪಡಿತರ ಚೀಟಿಯನ್ನು ಮಂಜೂರು ಮಾಡುವ ಅಧಿಕಾರವಿಲ್ಲದಂತೆ, ತಾಲ್ಲೂಕು ಕಚೇರಿಯಲ್ಲಿ ಅಕ್ಕಿಯ ಚೀಲ ಇಲ್ಲದಂತೆ. ಹಾಗಾಗಿ ಹಣ ಬರದಿದ್ದಾಗ ಮೊದಲು ನೋಡಬೇಕಾದುದು ಇಲಾಖೆಯ ಜಾಲತಾಣದಲ್ಲಿ ಆ ವಾರದ ಮುಂದೆ ಏನು ಬರೆದಿದೆ ಎಂಬುದನ್ನು. ಪಾವತಿಯಾಗಿದೆ ಎಂದಿದ್ದು ಕಾರ್ಡಿನಲ್ಲಿ ಹಣವಿಲ್ಲದಿದ್ದರೆ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಬೇಕು. ಬಾಕಿ ಇದೆ ಎಂದಿದ್ದರೆ ಆ ಸಂಖ್ಯೆಗೆ ಎಷ್ಟು ಸಲ ಕರೆ ಮಾಡಿದರೂ ಅವರಿಂದ ಆಗುವುದೇನೂ ಇಲ್ಲ.

ಕಾರ್ಡಿನಿಂದ ಯಾರಾದರೂ ಹಣ ಕದ್ದರೆ ಅದು ಪೂರ್ತಿ ಕಾರ್ಡಿನ ಕಡೆಯ ವ್ಯವಹಾರ. ಅಮೆರಿಕದ ವಿದ್ಯುನ್ಮಾನ ಹಣ ವರ್ಗಾವಣೆ ಕಾನೂನು ಸರ್ಕಾರಿ ಭತ್ಯೆಯ ಕಾರ್ಡುಗಳಿಗೂ ಅನ್ವಯಿಸುತ್ತದೆ. ಕಾರ್ಡು ಕಳೆದುಹೋದದ್ದು ಅಥವಾ ಕಳುವಾದದ್ದು ತಿಳಿದ ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ ಬಳಕೆದಾರರ ಮೇಲೆ ಬೀಳುವ ನಷ್ಟ ಹೆಚ್ಚೆಂದರೆ 50 ಡಾಲರ್. ತಡವಾದರೆ ಅದು 500 ಡಾಲರಿನವರೆಗೆ ಏರಬಹುದು. ದೂರು ಬಂದ ಮೇಲೆ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ತನಿಖೆ ಮುಗಿಸಬೇಕು, ಮುಗಿಯದಿದ್ದರೆ ತಾತ್ಕಾಲಿಕವಾಗಿ ಹಣವನ್ನು ಕಾರ್ಡಿಗೆ ಹಾಕಿ ತನಿಖೆ ಮುಂದುವರಿಸಬೇಕು.

ಈ ನಿಯಮ ಕಾಗದದ ಮೇಲಷ್ಟೇ ಇರುವುದಲ್ಲ ಎಂಬುದಕ್ಕೆ ಕೋವಿಡ್ ಕಾಲದ ಪ್ರಸಂಗವೊಂದಿದೆ. ಆಗಿನ ಕ್ಯಾಲಿಫೋರ್ನಿಯಾದ ಕಾರ್ಡುಗಳಲ್ಲಿ ಚಿಪ್ ಇರಲಿಲ್ಲ, ಬರೀ ಕಾಂತಪಟ್ಟಿ ಇತ್ತು. ನಕಲು ಮಾಡುವುದು ಸುಲಭವಾಗಿತ್ತು. ಕಳ್ಳತನದ ದೂರುಗಳು ಮುಗಿಬಿದ್ದಾಗ ಬ್ಯಾಂಕು ಸರಿಯಾದ ತನಿಖೆ ಮಾಡುವ ಬದಲು ಸ್ವಯಂಚಾಲಿತ ಜರಡಿಯೊಂದನ್ನು ಹಾಕಿ ದೂರು ಕೊಟ್ಟವರ ಖಾತೆಗಳನ್ನೇ ಸ್ತಂಭಿಸಿತು ಎಂಬ ಕಾರಣಕ್ಕೆ, 2022ರ ಜುಲೈನಲ್ಲಿ ಕೇಂದ್ರದ ಎರಡು ನಿಯಂತ್ರಣ ಸಂಸ್ಥೆಗಳು ಬ್ಯಾಂಕ್ ಆಫ್ ಅಮೆರಿಕಕ್ಕೆ ಒಟ್ಟು 22.5 ಕೋಟಿ ಡಾಲರ್ ದಂಡ ವಿಧಿಸಿದವು.

ಕೊಟ್ಟ ಹಣವನ್ನು ಮತ್ತೆ ಕೇಳುವುದೇಕೆ?

ಹೆಚ್ಚುವರಿ ಪಾವತಿ, ಅಂದರೆ ಓವರ್‌ಪೇಮೆಂಟ್, ಎಂದರೆ ಅರ್ಹತೆಯಿಲ್ಲದ ವಾರಕ್ಕೆ ಹಣ ಸಂದಾಯವಾಗಿರುವುದು ಅಥವಾ ಅರ್ಹ ವಾರಕ್ಕೆ ಸಲ್ಲಬೇಕಾದುದಕ್ಕಿಂತ ಜಾಸ್ತಿ ಸಂದಾಯವಾಗಿರುವುದು. ಇದು ಮೋಸವೇ ಆಗಿರಬೇಕೆಂದಿಲ್ಲ. ಕೆಲಸ ಹೋದವನ ಮನೆಯ ಬಾಡಿಗೆ ಕಾಯುವುದಿಲ್ಲವಾದ್ದರಿಂದ, ಮೊದಲು ಕೊಟ್ಟು ಆಮೇಲೆ ಲೆಕ್ಕ ನೋಡುವ ಸ್ವಭಾವ ಈ ವ್ಯವಸ್ಥೆಯ ತಳಹದಿಯಲ್ಲೇ ಇದೆ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾಲಿಫೋರ್ನಿಯಾದ್ದೇ ಪ್ರಕರಣವೊಂದರಲ್ಲಿ, ಒಮ್ಮೆ ಅರ್ಹರೆಂದು ತೀರ್ಮಾನವಾದವರ ಭತ್ಯೆಯನ್ನು ಉದ್ಯೋಗದಾತ ಮೇಲ್ಮನವಿ ಹಾಕಿದ ಮಾತ್ರಕ್ಕೆ ತಡೆಹಿಡಿಯುವಂತಿಲ್ಲ ಎಂದು ಹೇಳಿತು. ಇದರ ಇನ್ನೊಂದು ಮುಖವೇನೆಂದರೆ, ಉದ್ಯೋಗದಾತನೇ ಮೇಲ್ಮನವಿಯಲ್ಲಿ ಗೆದ್ದರೆ ಅಷ್ಟರೊಳಗೆ ಕೈಸೇರಿದ ಹಣವೆಲ್ಲ ಹೆಚ್ಚುವರಿ ಪಾವತಿಯಾಗಿ ಮಾರ್ಪಡಬಹುದು.

ಉಳಿದ ಕಾರಣಗಳು ಹೆಚ್ಚಾಗಿ, ಕಳೆದ ವಾರಗಳಿಗೆ ತಾನು ಅರ್ಹನೆಂದು ಘೋಷಿಸಲು ಎರಡು ವಾರಕ್ಕೊಮ್ಮೆ ತುಂಬುವ ಪ್ರಮಾಣೀಕರಣದ ಅರ್ಜಿಯಲ್ಲಿ ಹುಟ್ಟುತ್ತವೆ. ಅದರಲ್ಲಿನ ಎರಡು ಪ್ರಶ್ನೆಗಳನ್ನು ನಿಧಾನವಾಗಿ ಓದಬೇಕು.

ಒಂದು ಪ್ರಶ್ನೆ, ಆ ವಾರ ಕೆಲಸ ಮಾಡಿದ್ದೀರಾ ಅಥವಾ ಹಣ ಗಳಿಸಿದ್ದೀರಾ ಎಂಬುದು. ಹಣ ಕೈಗೆ ಬಂದಿದ್ದರೂ ಬರದಿದ್ದರೂ ಸರಿ. ಇಲ್ಲಿ ಹೇಳಬೇಕಾದುದು ಗಳಿಸಿದ ವಾರದ ಲೆಕ್ಕವನ್ನು, ಸಂಬಳ ಜಮೆಯಾದ ವಾರದ್ದಲ್ಲ. ತೆರಿಗೆ ಮುರಿದುಕೊಳ್ಳುವ ಮುಂಚಿನ ಮೊತ್ತವನ್ನು, ಕೈಗೆ ಬಂದದ್ದನ್ನಲ್ಲ. ಉದಾಹರಣೆಗೆ, ವಾರಕ್ಕೆ 450 ಡಾಲರ್ ಭತ್ಯೆ ಇರುವವರು ಒಂದು ವಾರ ಅರೆಕಾಲಿಕ ಕೆಲಸ ಮಾಡಿ 400 ಡಾಲರ್ ಗಳಿಸಿದರು ಎನ್ನಿ. ಕ್ಯಾಲಿಫೋರ್ನಿಯಾದಲ್ಲಿ ಗಳಿಕೆಯ ಕಾಲುಭಾಗವನ್ನು ಅಥವಾ 25 ಡಾಲರನ್ನು, ಯಾವುದು ಹೆಚ್ಚೋ ಅದನ್ನು, ಲೆಕ್ಕದಿಂದ ಬಿಡುತ್ತಾರೆ. ಇಲ್ಲಿ 100 ಬಿಟ್ಟು ಉಳಿದ 300 ಅನ್ನು ಕಳೆದರೆ ಆ ವಾರ ಸಲ್ಲಬೇಕಾದುದು 150. ಸಂಬಳ ಇನ್ನೂ ಬಂದಿಲ್ಲವಲ್ಲ ಎಂದು ಸೊನ್ನೆ ಬರೆದವರಿಗೆ 450 ಬರುತ್ತದೆ, ಆದರೆ ಅದರಲ್ಲಿ 300 ಡಾಲರ್ ಸಾಲವಿದ್ದಂತೆ. ಉದ್ಯೋಗದಾತರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಂಬಳದ ವಿವರವನ್ನೂ ಹೊಸದಾಗಿ ಕೆಲಸಕ್ಕೆ ಸೇರಿದವರ ಪಟ್ಟಿಯನ್ನೂ ಇಲಾಖೆಯ ಗಣಕಯಂತ್ರ ತಾಳೆ ನೋಡುತ್ತದೆ. ನೋಟಿಸು ಅಷ್ಟು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಪ್ರಶ್ನೆ, ಅನಾರೋಗ್ಯವಲ್ಲದೆ ಬೇರೆ ಯಾವುದಾದರೂ ಕಾರಣಕ್ಕೆ ಪೂರ್ಣಾವಧಿ ಕೆಲಸಕ್ಕೆ ಸೇರಲು ಆಗುತ್ತಿರಲಿಲ್ಲವೇ ಎಂಬುದು. ನಮ್ಮವರು ಎಡವುವ ಜಾಗ ಇದು. ಹೇಗೂ ಕೆಲಸವಿಲ್ಲ, ಅಪ್ಪನ ತಿಥಿಗೋ ತಂಗಿಯ ಮದುವೆಗೋ ಎರಡು ವಾರ ಮೈಸೂರಿಗೆ ಹೋಗಿಬರೋಣ ಎಂದು ಹೊರಡುವುದರಲ್ಲಿ ತಪ್ಪೇನಿಲ್ಲ. ಆದರೆ ಮೈಸೂರಿನ ಮನೆಯ ಜಗಲಿಯ ಮೇಲೆ ಕೂತು, ಲ್ಯಾಪ್‌ಟಾಪಿನಲ್ಲಿ ಆ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದರೆ, ಅಮೆರಿಕದಲ್ಲಿ ಕೆಲಸಕ್ಕೆ ಲಭ್ಯನಿದ್ದೇನೆ ಎಂದು ಪ್ರಮಾಣ ಮಾಡಿದಂತಾಗುತ್ತದೆ. ಲಾಗಿನ್ ಆದದ್ದು ಯಾವ ದೇಶದ ಐಪಿ ವಿಳಾಸದಿಂದ ಎಂಬುದು ದಾಖಲಾಗುತ್ತದೆ. ಎರಡು ವಾರಕ್ಕೆ 900 ಡಾಲರ್ ಹೆಚ್ಚುವರಿ ಪಾವತಿ. ಅದನ್ನು ಬೇಕೆಂದೇ ಕೊಟ್ಟ ಸುಳ್ಳು ಮಾಹಿತಿ ಎಂದು ತೀರ್ಮಾನಿಸಿದರೆ ಶೇ 30ರ ದಂಡ, ಅಂದರೆ 270 ಡಾಲರ್ ಸೇರಿ 1,170. ಹಣಕ್ಕಿಂತ ಭಾರವಾದದ್ದು ಅದರ ಜೊತೆಗೆ ಬರುವ ಅನರ್ಹತೆ: ಮುಂದೆ 23 ವಾರಗಳವರೆಗಿನ ಭತ್ಯೆ ಕೈತಪ್ಪಬಹುದು. ಆ ವಾರ ಅಮೆರಿಕದಲ್ಲಿರಲಿಲ್ಲ ಎಂದು ನಿಜ ಹೇಳಿದವರಿಗೆ ತಪ್ಪುವುದು ಆ ವಾರದ ಹಣ ಮಾತ್ರ.

ನೋಟಿಸು ಕೊನೆಯ ಮಾತಲ್ಲ

ಇಲಾಖೆಯ ನೋಟಿಸು ಒಂದು ಪಕ್ಷದ ತೀರ್ಮಾನವಷ್ಟೇ, ಅದೂ ತಪ್ಪಬಹುದು. ಮಿಷಿಗನ್ ರಾಜ್ಯದಲ್ಲಿ 2013ರಿಂದ 2015ರವರೆಗೆ ಮೈಡಾಸ್ ಎಂಬ ಗಣಕ ವ್ಯವಸ್ಥೆ ಮನುಷ್ಯರ ಪರಿಶೀಲನೆಯಿಲ್ಲದೆ ಸಾವಿರಾರು ಜನರ ಮೇಲೆ ಮೋಸದ ಆರೋಪ ಹೊರಿಸಿತ್ತು. ಯಂತ್ರವೊಂದೇ ತೀರ್ಮಾನಿಸಿದ 22,000ಕ್ಕೂ ಹೆಚ್ಚು ಪ್ರಕರಣಗಳನ್ನು ಆಮೇಲೆ ಪರಿಶೀಲಿಸಿದಾಗ ಶೇ 93ರಷ್ಟರಲ್ಲಿ ಮೋಸವೇ ಇರಲಿಲ್ಲ. ಆಗ ಆ ರಾಜ್ಯದಲ್ಲಿ ದಂಡ ಮೂಲ ಮೊತ್ತದ ನಾಲ್ಕು ಪಟ್ಟಿನವರೆಗೆ ಇತ್ತು. ಸಂತ್ರಸ್ತರು ಹೂಡಿದ ದಾವೆ 2022ರಲ್ಲಿ 2 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು.

ಹಾಗಾಗಿ ನೋಟಿಸು ಕೈಸೇರಿದ ಕೂಡಲೇ ಮೊತ್ತವನ್ನು ನೋಡಿ ಬೆವರುವ ಮೊದಲು ನೋಡಬೇಕಾದುದು ಅದರ ಮೇಲಿನ ತಾರೀಖನ್ನು. ಕ್ಯಾಲಿಫೋರ್ನಿಯಾದಲ್ಲಿ ಮೇಲ್ಮನವಿಗೆ 30 ದಿನ. ಅದು ಲಕೋಟೆ ತೆರೆದ ದಿನದಿಂದಲ್ಲ, ನೋಟಿಸು ಅಂಚೆಗೆ ಬಿದ್ದ ದಿನದಿಂದ. ನ್ಯೂಯಾರ್ಕಿನಲ್ಲೂ 30 ದಿನವಿದೆ, ಟೆಕ್ಸಸ್‌ನಲ್ಲಿ 14 ದಿನ ಮಾತ್ರ. ಗಡುವು ಮೀರಿದರೆ ತಡವಾದದ್ದಕ್ಕೆ ಸಮರ್ಪಕ ಕಾರಣವನ್ನು ಮೊದಲು ಒಪ್ಪಿಸಬೇಕು, ಆಮೇಲಷ್ಟೇ ಅಸಲು ವಿಷಯ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಗಮನಿಸದೆ ಅರ್ಧ ಪ್ರಕರಣವನ್ನು ಸೋತವರಿದ್ದಾರೆ. ಅನೇಕ ವೇಳೆ ಬರುವುದು ಒಂದಲ್ಲ, ಎರಡು ಕಾಗದ. ಒಂದರಲ್ಲಿ ‘ಇಂಥ ವಾರಗಳಿಗೆ ನೀವು ಅರ್ಹರಲ್ಲ’ ಎಂಬ ತೀರ್ಮಾನವಿರುತ್ತದೆ, ಇನ್ನೊಂದರಲ್ಲಿ ‘ಆದ್ದರಿಂದ ಇಷ್ಟು ಹಣ ಬಾಕಿ’ ಎಂಬ ಲೆಕ್ಕ. ಹಣದ ಕಾಗದಕ್ಕೆ ಮಾತ್ರ ಮೇಲ್ಮನವಿ ಹಾಕಿ ಅರ್ಹತೆಯ ಕಾಗದವನ್ನು ಬಿಟ್ಟರೆ, ಮೊದಲನೆಯದು ಅಂತಿಮವಾಗಿಬಿಡುತ್ತದೆ. ಆಮೇಲೆ ವಿಚಾರಣೆಯಲ್ಲಿ ವಾದಿಸಲು ಉಳಿಯುವುದು ಬಹಳ ಕಡಿಮೆ. ಬಂದ ಪ್ರತಿಯೊಂದು ತೀರ್ಮಾನಕ್ಕೂ ಮೇಲ್ಮನವಿಯಲ್ಲಿ ಪ್ರತ್ಯೇಕವಾಗಿ ಆಕ್ಷೇಪ ದಾಖಲಿಸುವುದು ಕ್ಷೇಮ.

ಮೇಲ್ಮನವಿಯೂ ಮನ್ನಾ ಕೋರಿಕೆಯೂ ಒಂದೇ ಅಲ್ಲ

‘ಈ ಹಣ ನನಗೆ ಸಲ್ಲಬೇಕಾದದ್ದೇ, ನಾನು ಬಾಕಿಯಿಲ್ಲ’ ಎನ್ನುವುದು ಮೇಲ್ಮನವಿ. ‘ಹೆಚ್ಚಾಗಿ ಬಂದಿರಬಹುದು, ಆದರೆ ತಪ್ಪು ನನ್ನದಲ್ಲ, ಈಗ ಹಿಂತಿರುಗಿಸುವ ಶಕ್ತಿಯೂ ನನಗಿಲ್ಲ’ ಎನ್ನುವುದು ಮನ್ನಾ ಕೋರಿಕೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಮೋಸವಾಗಲಿ ಮಾಹಿತಿ ಮುಚ್ಚಿಟ್ಟದ್ದಾಗಲಿ ಇಲ್ಲದೆ, ಪಡೆದವರ ತಪ್ಪೂ ಇಲ್ಲದೆ, ವಸೂಲಿ ಮಾಡುವುದು ನ್ಯಾಯಬುದ್ಧಿಗೆ ವಿರುದ್ಧವಾಗುವಂತಿದ್ದರೆ ಮನ್ನಾ ಮಾಡಬಹುದು. ಇದಕ್ಕೆ ಮನೆಯ ಆದಾಯ, ಖರ್ಚು, ಉಳಿತಾಯದ ಪೂರ್ಣ ವಿವರ ಕೊಡಬೇಕಾಗುತ್ತದೆ.

ಈ ತತ್ವ ನಮಗೆ ಅಪರಿಚಿತವಲ್ಲ. ಸರ್ಕಾರಿ ನೌಕರರಿಗೆ ಇಲಾಖೆಯದೇ ತಪ್ಪಿನಿಂದ ಹೆಚ್ಚು ಸಂಬಳ ಸಂದಾಯವಾಗಿದ್ದರೆ, ಮೂರು ಮತ್ತು ನಾಲ್ಕನೆಯ ದರ್ಜೆಯವರಿಂದ, ನಿವೃತ್ತರಿಂದ ಅದನ್ನು ವಸೂಲಿ ಮಾಡುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2014ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಹೇಳಿದ್ದೂ ಇದೇ ಬಗೆಯ ವಿವೇಚನೆಯಿಂದ.

ವಿಚಾರಣೆಯ ದಿನ

‘ಹಿಯರಿಂಗ್’ ಎಂದ ಕೂಡಲೇ ಕಟಕಟೆ, ಕರಿಕೋಟು, ಜನರಿಂದ ತುಂಬಿದ ಕೋರ್ಟ್ ಹಾಲ್ ಕಣ್ಣಮುಂದೆ ಬರುವುದುಂಟು. ಇಲ್ಲಿ ಅದಾವುದೂ ಇಲ್ಲ. ನಿಷ್ಪಕ್ಷಪಾತ ನ್ಯಾಯಮಂಡಳಿಯ ಮುಂದೆ ತಮ್ಮ ಮಾತು ಹೇಳಿಕೊಳ್ಳುವ ಅವಕಾಶವನ್ನು ಪ್ರತಿ ರಾಜ್ಯವೂ ಕೊಡಲೇಬೇಕೆಂದು ಆ 1935ರ ಕಾಯ್ದೆಯೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಇಡಿಡಿಯಿಂದ ಪ್ರತ್ಯೇಕವಾದ ನಿರುದ್ಯೋಗ ವಿಮೆ ಮೇಲ್ಮನವಿ ಮಂಡಳಿ ಇದೆ. ಅದರ ಆಡಳಿತಾತ್ಮಕ ಕಾನೂನು ನ್ಯಾಯಾಧೀಶರೊಬ್ಬರು ಪ್ರಕರಣ ಕೇಳುತ್ತಾರೆ, ಈಗೀಗ ಹೆಚ್ಚಾಗಿ ದೂರವಾಣಿಯ ಮೂಲಕ. ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇಂಗ್ಲಿಷಿನಲ್ಲಿ ಹಿಂಜರಿಕೆಯಿರುವವರು ಮುಂಚಿತವಾಗಿ ಕೇಳಿಕೊಂಡರೆ ಮಂಡಳಿ ತನ್ನ ಖರ್ಚಿನಲ್ಲಿ ದುಭಾಷಿಯನ್ನು ಒದಗಿಸುತ್ತದೆ. ಗಂಡನೋ ಮಗಳೋ ಪಕ್ಕದಲ್ಲಿ ಕೂತು ಉತ್ತರ ಪಿಸುಗುಟ್ಟುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಹಾಗೆ ಹೇಳಿಕೊಟ್ಟ ಸಾಕ್ಷ್ಯಕ್ಕೆ ಬೆಲೆ ಸಿಗುವುದಿಲ್ಲ.

ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ನೋಟಿಸು ಹೊರಡುತ್ತದೆ. ಅದರಲ್ಲಿ ದಿನಾಂಕ, ಗಂಟೆ ಮತ್ತು ಯಾವ ಯಾವ ವಿಷಯಗಳ ಮೇಲೆ ವಿಚಾರಣೆ ಎಂಬ ಪಟ್ಟಿ ಇರುತ್ತದೆ. ನ್ಯಾಯಾಧೀಶರು ಆ ಪಟ್ಟಿಯಾಚೆ ಹೋಗುವುದು ಅಪರೂಪವಾದ್ದರಿಂದ ಸಿದ್ಧತೆಯೂ ಅದಕ್ಕೇ ಹೊಂದಬೇಕು. ಗಳಿಕೆಯ ತಕರಾರಾದರೆ ವಾರವಾರದ ಸಂಬಳದ ಚೀಟಿ; ಪ್ರವಾಸದ ತಕರಾರಾದರೆ ಪಾಸ್‌ಪೋರ್ಟಿನ ಮುದ್ರೆ, ವಿಮಾನದ ಟಿಕೆಟು; ಕೆಲಸ ಬಿಟ್ಟ ಕಾರಣದ ತಕರಾರಾದರೆ ಕಂಪನಿಯ ಪತ್ರ ಮತ್ತು ಇಮೇಲುಗಳು. ಇವನ್ನು ಮಂಡಳಿಗೆ ಮುಂಚೆಯೇ ಕಳುಹಿಸಬೇಕು. ಇಲಾಖೆಯ ಕಡತವನ್ನು ನೋಡುವ ಹಕ್ಕು ಅರ್ಜಿದಾರರಿಗೆ ಇರುತ್ತದೆ. ತನಿಖಾಧಿಕಾರಿಯೊಂದಿಗೆ ಫೋನಿನಲ್ಲಿ ಆಡಿದ ಮಾತನ್ನು ಅಲ್ಲಿ ಹೇಗೆ ಬರೆದುಕೊಂಡಿದ್ದಾರೆ ಎಂದು ಓದದೆ ವಿಚಾರಣೆಗೆ ಕೂರುವುದು ಪ್ರಶ್ನೆಪತ್ರಿಕೆ ಕೈಯಲ್ಲಿದ್ದರೂ ನೋಡದೆ ಪರೀಕ್ಷೆ ಬರೆದಂತೆ.

ಆ ದಿನ ಕೆಲವು ಕಡೆ ನ್ಯಾಯಾಧೀಶರೇ ಕರೆ ಮಾಡುತ್ತಾರೆ, ಕೆಲವು ಕಡೆ ನಾವೇ ಕರೆ ಮಾಡಬೇಕು; ನೋಟಿಸಿನಲ್ಲಿ ಅದು ಸ್ಪಷ್ಟವಾಗಿರುತ್ತದೆ. ಅಪರಿಚಿತ ಸಂಖ್ಯೆಯ ಕರೆಯನ್ನು ಜಾಹೀರಾತೆಂದು ಕತ್ತರಿಸುವ ಅಭ್ಯಾಸವನ್ನು ಆ ಒಂದು ಬೆಳಿಗ್ಗೆ ಬಿಡಬೇಕು. ನ್ಯಾಯಾಧೀಶರು ಮೊದಲು ಧ್ವನಿಮುದ್ರಣ ಆರಂಭಿಸುತ್ತಾರೆ, ಕಡತದಲ್ಲಿರುವ ಕಾಗದಗಳನ್ನು ಗುರುತಿಸುತ್ತಾರೆ, ಪ್ರಮಾಣ ಮಾಡಿಸುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ದುರ್ನಡತೆಗಾಗಿ ಕೆಲಸದಿಂದ ತೆಗೆದೆವು ಎಂದು ಉದ್ಯೋಗದಾತ ಹೇಳಿದರೆ ಅದನ್ನು ಸಾಬೀತು ಮಾಡುವ ಹೊರೆ ಅವನದು. ಸ್ವತಃ ಕೆಲಸ ಬಿಟ್ಟವರು ಅದಕ್ಕೆ ಬಲವಾದ ಕಾರಣವಿತ್ತೆಂದು ತಾವೇ ತೋರಿಸಬೇಕು. ಮೋಸದ ಆರೋಪವಿದ್ದಲ್ಲಿ ಮುಖ್ಯ ಪ್ರಶ್ನೆ ಉತ್ತರ ತಪ್ಪಾಗಿತ್ತೇ ಎಂಬುದಷ್ಟೇ ಅಲ್ಲ, ತಪ್ಪೆಂದು ಗೊತ್ತಿದ್ದೇ ಹಾಗೆ ಉತ್ತರಿಸಿದರೇ ಎಂಬುದು. ಆದ್ದರಿಂದ ‘ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡೆ, ಇಂಥ ಕಾರಣಕ್ಕೆ’ ಎಂದು ನೇರವಾಗಿ ಹೇಳುವುದು, ಇಲಾಖೆಯ ಮೇಲಿನ ಸಿಟ್ಟನ್ನೆಲ್ಲ ಹೊರಹಾಕುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೀರ್ಪು ಲಿಖಿತವಾಗಿ ಬರುತ್ತದೆ. ವಿಚಾರಣೆಗೆ ಹಾಜರಾಗದೆ ಮೇಲ್ಮನವಿ ವಜಾ ಆಗಿದ್ದರೆ, 20 ದಿನಗಳೊಳಗೆ ಸಕಾರಣ ತೋರಿಸಿ ಮತ್ತೆ ತೆರೆಯಲು ಕೋರಬಹುದು. ತೀರ್ಪು ವಿರುದ್ಧವಾದರೆ 30 ದಿನಗಳೊಳಗೆ ಮಂಡಳಿಗೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು, ಅದರ ಮೇಲೆ ರಾಜ್ಯದ ಸುಪೀರಿಯರ್ ಕೋರ್ಟು. ಮೇಲ್ಮನವಿ ನಡೆಯುತ್ತಿರುವಾಗಲೂ ಕೆಲಸ ಸಿಕ್ಕಿಲ್ಲದಿದ್ದರೆ ಎರಡು ವಾರಕ್ಕೊಮ್ಮೆಯ ಪ್ರಮಾಣೀಕರಣವನ್ನು ನಿಲ್ಲಿಸಬಾರದು. ಕೊನೆಗೆ ಗೆದ್ದರೂ, ಪ್ರಮಾಣೀಕರಿಸದ ವಾರಗಳಿಗೆ ಕೊಡಲು ಇಲಾಖೆಯ ಬಳಿ ಅರ್ಜಿಯೇ ಇರುವುದಿಲ್ಲ.

ಸೋತರೆ ವಸೂಲಿ ಹೇಗೆ, ತೆರಿಗೆ ಏನು?

ಹಣವನ್ನು ಒಂದೇ ಸಲ ಕಟ್ಟಬೇಕೆಂದಿಲ್ಲ, ಕಂತುಗಳಿಗೆ ಅವಕಾಶವಿದೆ. ಕಟ್ಟದಿದ್ದರೆ ಮುಂದಿನ ಭತ್ಯೆಯಿಂದ ಮುರಿದುಕೊಳ್ಳುತ್ತಾರೆ: ಮೋಸವಿಲ್ಲದ ಪ್ರಕರಣದಲ್ಲಿ ವಾರಕ್ಕೆ ಶೇ 25, ಮೋಸವೆಂದು ತೀರ್ಮಾನವಾಗಿದ್ದರೆ ಪೂರ್ತಿ. ರಾಜ್ಯದ ತೆರಿಗೆ ಮರುಪಾವತಿಯನ್ನೂ, ಮೋಸ ಅಥವಾ ಗಳಿಕೆ ಮುಚ್ಚಿಟ್ಟ ಪ್ರಕರಣಗಳಲ್ಲಿ ಕೇಂದ್ರದ ತೆರಿಗೆ ಮರುಪಾವತಿಯನ್ನೂ ಹಿಡಿದುಕೊಳ್ಳುವ ಅಧಿಕಾರವಿದೆ.

ತೆರಿಗೆಯ ಮಾತನ್ನು ಹಲವರು ಮರೆಯುತ್ತಾರೆ. ನಿರುದ್ಯೋಗ ಭತ್ಯೆಗೆ ಕ್ಯಾಲಿಫೋರ್ನಿಯಾ ರಾಜ್ಯ ತೆರಿಗೆ ಹಾಕುವುದಿಲ್ಲ, ಆದರೆ ಕೇಂದ್ರದ ಆದಾಯ ತೆರಿಗೆ ಇದೆ. ಬಯಸಿದರೆ ಶೇ 10ರಷ್ಟನ್ನು ಮುಂಚೆಯೇ ಮುರಿಸಿಕೊಳ್ಳಬಹುದು. ವರ್ಷ ಮುಗಿದ ಮೇಲೆ 1099-ಜಿ ಎಂಬ ನಮೂನೆಯಲ್ಲಿ ಪಾವತಿಯಾದ ಒಟ್ಟು ಹಣದ ಲೆಕ್ಕ ಬರುತ್ತದೆ. ಹೆಚ್ಚುವರಿ ಹಣವನ್ನು ಅದೇ ವರ್ಷ ಹಿಂತಿರುಗಿಸಿದ್ದರೆ ಅದನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಿದರಾಯಿತು. ಮೇಲ್ಮನವಿ ಎಳೆದು ಮುಂದಿನ ವರ್ಷ ಹಿಂತಿರುಗಿಸಿದರೆ, ಆ ಮೊತ್ತ 3,000 ಡಾಲರಿಗಿಂತ ಹೆಚ್ಚಾಗಿದ್ದಲ್ಲಿ ಮಾತ್ರ ಹಿಂದಿನ ವರ್ಷ ಕಟ್ಟಿದ ತೆರಿಗೆಗೆ ಪರಿಹಾರ ಕೇಳಲು ದಾರಿಯಿದೆ. ಹಾಗಾಗಿ ಹಿಂತಿರುಗಿಸಿದ ಚೆಕ್ಕಿನ ನಕಲನ್ನೂ ಇಲಾಖೆಯ ರಸೀದಿಯನ್ನೂ ಆ ವರ್ಷದ ತೆರಿಗೆ ಕಾಗದಗಳ ಜೊತೆಯಲ್ಲೇ ಇಡಬೇಕು.